ಗಾಲಿಯ ಮೈಬಣ್ಣ

ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಚಿಮಣಿಯಲ್ಲಿ ಹೊಗೆಯೆದ್ದು ಕಬ್ಬು ನುರಿಸುವ ಹಂಗಾಮು ಮೊದಲಾಯಿತೆಂದರೆ, ಕೃಷ್ಣಾತೀರದ ಈ ಊರಿನ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳಿಗೂ ಎತ್ತಿನ ಟಾಯರ್ ಗಾಡಿಗಳಿಗೂ ನಡುವೆ ಸಂದುಮಾಡಿಕೊಂಡು ನುಸುಳುವ ಮೋಟಾರ್‌ಸೈಕಲ್ಲುಗಳ ಗಾಲಿಗಳಿಗೆ, ಎರೆಮಣ್ಣು, ಕಾಕಂಬಿಯ ಜಿಗುಟು, ರವದಿಯ ಚೂರು ಇವುಗಳ ಲೇಪನವು ಯಾರೂ ಹಚ್ಚದೆಯೇ ಪ್ರಾಪ್ತವಾಗುತ್ತದೆ. ಖಂಡೇನವಮಿಗೆ ಮುನ್ನ ಗಾಡಿ ತೊಳೆದು ನೋಡಿದಾಗ ರಿಮ್ಮಿನ ಅಂಚಿನಲ್ಲಿ ಬಣ್ಣ ಹಪ್ಪಳೆಯೆದ್ದಿರುವುದು ಕಾಣುತ್ತದೆ. ಆಗ ಮನೆಯಂಗಳದಲ್ಲಿ ತಾನೇ ಬಣ್ಣ ಹೊಡೆಯುವುದೋ, ಗಾಲಿ ಬಿಚ್ಚಿ ಮಿರಜಿನ ಕಡೆಗೋ ಬೆಳಗಾವಿಯ ಉದ್ಯಮಬಾಗಕ್ಕೋ ಒಯ್ದು ಪೌಡರ್ ಕೋಟಿಂಗ್ ಮಾಡಿಸುವುದೋ ಎಂಬ ಚರ್ಚೆ ತರುಣರಲ್ಲಿ ಹುಟ್ಟುತ್ತದೆ. ಈ ಎರಡು ದಾರಿಗಳೂ ಬಹುದೂರದಿಂದ ಬಂದವು.

ನಮ್ಮ ಸೀಮೆಯಲ್ಲಿ ಉಕ್ಕಿನ ಕಡ್ಡಿಗಾಲಿಯ ಕಥೆ ಹೇಳುವವರು ಲಕ್ಷ್ಮಣರಾವ ಕಿರ್ಲೋಸ್ಕರರನ್ನು ಬಿಟ್ಟು ಮುಂದೆ ಹೋಗಲಾರರು. 1910ರಲ್ಲಿ ಔಂಧ ಸಂಸ್ಥಾನದ ಬರಡು ನೆಲದ ಮೇಲೆ ಕಿರ್ಲೋಸ್ಕರವಾಡಿಯನ್ನು ಕಟ್ಟಿ ಕಬ್ಬಿಣದ ನೇಗಿಲಿನಿಂದ ಹೆಸರಾದ ಆ ಮಹನೀಯರು, ಅದಕ್ಕೂ ಮೊದಲು, 1888ರಲ್ಲಿ, ಬೆಳಗಾವಿಯಲ್ಲಿ ತೆರೆದುದು ಒಂದು ಸೈಕಲ್ ಅಂಗಡಿಯನ್ನು. ವಿಲಾಯತಿಯಿಂದ ಬರುತ್ತಿದ್ದ ಅಂದಿನ ಸೈಕಲ್ಲುಗಳ ಕನ್ನಡಿಯಂಥ ಕಪ್ಪು ಮೈಗೆ ಕಾರಣವಾದುದು ಒಲೆಯಲ್ಲಿ ಬೇಯಿಸಿ ಗಟ್ಟಿಮಾಡಿದ ಎನಾಮಲ್ಲು. ಪೌಡರ್ ಕೋಟಿಂಗನ್ನು ನಿನ್ನೆ ಮೊನ್ನೆಯ ಬೆರಗೆಂದು ಬಣ್ಣಿಸುವವರು, ಬಣ್ಣವನ್ನು ಬೇಯಿಸುವ ವಿದ್ಯೆ ನಮ್ಮ ಮುತ್ತಜ್ಜಂದಿರ ಸೈಕಲ್ಲಿನಲ್ಲಿಯೇ ಇತ್ತೆಂಬುದನ್ನು ಮರೆಯುತ್ತಾರೆ.

ಒಲೆಯ ಹಂಗಿನಿಂದ ಬಣ್ಣವನ್ನು ಬಿಡಿಸಿದುದು 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆ ಹೊರತಂದ ಡ್ಯೂಕೋ. ಗಾಳಿಗೆ ಒಡ್ಡಿದರೆ ಅಲ್ಪಕಾಲದಲ್ಲಿಯೇ ಒಣಗುವ ಈ ದ್ರವದಿಂದಾಗಿ ಕಾರ್ಖಾನೆಯ ವಿದ್ಯೆ ರಸ್ತೆಬದಿಯ ಗ್ಯಾರೇಜಿಗೆ ಇಳಿದುಬಂದಿತು. ನಮ್ಮ ಪೇಂಟರುಗಳು ಇಂದಿಗೂ ಡಬ್ಬಿಯೊಳಗೆ ಯಾವ ಬಣ್ಣವಿದ್ದರೂ ಡ್ಯೂಕೋ ಎಂದೇ ಕರೆಯುತ್ತಾರೆ. 1949ರಲ್ಲಿ ಎಡ್ವರ್ಡ್ ಸೀಮೋರ್ ಎಂಬಾತನು ಬಣ್ಣವನ್ನು ಒತ್ತಡದ ಡಬ್ಬಿಯಲ್ಲಿ ತುಂಬಿ, ಗುಂಡಿ ಅದುಮಿದರೆ ಚಿಮ್ಮುವಂತೆ ಮಾಡಿದನು. ಅವನು ಮೊದಲು ತುಂಬಿದ ಬಣ್ಣ ಅಲ್ಯೂಮಿನಿಯಂ ಬಣ್ಣ, ಅಂದರೆ ಇಂದು ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಗಾಲಿಗೆಂದು ಜನ ಕೇಳುವ ಅದೇ ಬೆಳ್ಳಿಬಣ್ಣ.

ಇತ್ತ ಜರ್ಮನಿಯಲ್ಲಿ ಎರ್ವಿನ್ ಗೆಮ್ಮರ್ ಎಂಬ ತಜ್ಞನು 1950ರ ದಶಕದ ಆದಿಯಲ್ಲಿ, ಗಾಳಿಯೂದಿ ಕುದಿಯುವಂತೆ ಮಾಡಿದ ಪುಡಿಯ ತೊಟ್ಟಿಯಲ್ಲಿ ಕಾದ ಲೋಹವನ್ನು ಅದ್ದಿ ಲೇಪಿಸುವ ಕ್ರಮವನ್ನು ಕಂಡುಹಿಡಿದನು. ಮುಂದಿನ ದಶಕದಲ್ಲಿ ಪುಡಿಗೆ ವಿದ್ಯುದಾವೇಶ ಕೊಟ್ಟು ಬಂದೂಕಿನಿಂದ ಸಿಂಪಡಿಸುವ ಪದ್ಧತಿ, ಎಂದರೆ ಇಂದಿನ ಪೌಡರ್ ಕೋಟಿಂಗ್, ಬಂದಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರ್‌ಸೈಕಲ್ ತಯಾರಿಕೆಗೆ ತೊಡಗಿದ ಕಾಲವೂ ಹೆಚ್ಚುಕಡಮೆ ಅದೇ. ಆದರೆ ಜಾವಾದ್ದೂ ಆಮೇಲಣ ಯೆಜ್ಡಿಯದೂ ಕಡ್ಡಿಗಾಲಿಗಳಾದುದರಿಂದ ಪುಡಿಗೆ ಅಲ್ಲಿ ಕೆಲಸವಿರಲಿಲ್ಲ. ಎರಕದ ಅಲ್ಯೂಮಿನಿಯಂ ಗಾಲಿ, ಎಂದರೆ ಅಲಾಯ್ ವೀಲ್, ಈ ಶತಮಾನದಲ್ಲಿ ಸಾಮಾನ್ಯವಾದ ಮೇಲೆಯೇ ಪುಡಿಯ ಮಾತು ನಮ್ಮ ಹುಡುಗರ ಬಾಯಿಗೆ ಬಂದುದು.

ಪುಡಿಯ ಕೆಲಸ ನೋಡತಕ್ಕದ್ದು. ಹಳೆಯ ಬಣ್ಣವನ್ನೆಲ್ಲ ಮರಳಿನಂಥ ಕಣಗಳ ಹೊಡೆತದಿಂದ ಕಿತ್ತು ಬೂದುಬಣ್ಣಕ್ಕೆ ಬಂದ ಗಾಲಿಯನ್ನು ಕೊಕ್ಕೆಗೆ ತೂಗುಹಾಕಿ ಭೂಸಂಪರ್ಕ ಕೊಟ್ಟು ಬಂದೂಕನ್ನು ಹಿಡಿದೊಡನೆ, ಹಿಟ್ಟಿನಂಥ ಪುಡಿ ತಾನಾಗಿಯೇ ಲೋಹವನ್ನು ಅರಸಿ ಹೋಗಿ, ಎದುರಿನ ಮೈಯಷ್ಟೇ ಅಲ್ಲದೆ ಹಿಂದಿನ ಮೈಗೂ ಬಳಸಿ ಅಂಟುತ್ತದೆ. ಬಳಿಕ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನ ಒಲೆಯಲ್ಲಿ ಹತ್ತಿಪ್ಪತ್ತು ನಿಮಿಷವಿದ್ದರೆ ಪುಡಿ ಕರಗಿ ಹರಿದು ಒಂದೇ ಚರ್ಮವಾಗುತ್ತದೆ. ಆದರೆ ಅರಗಳು ನಾಭಿಯನ್ನು ಸೇರುವ ಆಳದ ಮೂಲೆಗಳಿಗೆ ಇಳಿಯಲು ಈ ಪುಡಿ ಹಿಂಜರಿಯುತ್ತದೆ. ವಿದ್ಯುತ್ಕ್ಷೇತ್ರ ಅಲ್ಲಿ ದುರ್ಬಲ. ಉಗಾರದ ಕೆಸರು ಮೊದಲು ಕೂರುವುದಾದರೋ ಅಲ್ಲಿಯೇ.

ಮನೆಯ ಕೆಲಸದಲ್ಲಿ ಬಣ್ಣ ಹೊಡೆಯುವುದು ಅರ್ಧಗಂಟೆಯ ಮಾತು, ಉಜ್ಜುವುದು ದಿನವಿಡೀ. ಚೈನಿನ ಎಣ್ಣೆಯ ಲವಲೇಶ ಉಳಿದರೂ, ಅಲ್ಯೂಮಿನಿಯಮ್ಮಿಗೆ ಒಪ್ಪುವ ಪ್ರೈಮರನ್ನು ಬಿಟ್ಟು ಕಬ್ಬಿಣದ್ದನ್ನು ಬಳಿದರೂ, ಬಣ್ಣ ಮೊದಲ ಪಂಕ್ಚರಿಗೆ ಟಾಯರ್ ಕೀಳುವ ಲೀವರಿನೊಡನೆಯೇ ಎದ್ದುಬರುತ್ತದೆ. ಸಾಮಾನ್ಯ ಬ್ರೇಕ್ ಆಯಿಲಿನ ಒಂದು ಹನಿಯೂ ಅದನ್ನು ಮೆತ್ತಗಾಗಿಸಬಲ್ಲುದು. ಇದರೆದುರು ಪುಡಿಯ ಚರ್ಮ ಬಹುಪಾಲು ಬಲಶಾಲಿ. ಆದರೆ ಒಮ್ಮೆ ಅದು ಸೀಳಿ, 2019ರ ಆಗಸ್ಟಿನಲ್ಲಿ ಕುಡಚಿ-ಉಗಾರ ಸೇತುವೆಯನ್ನೇ ಮುಳುಗಿಸಿದಂಥ ಮಹಾಪೂರದ ನೀರು ಅಡಿಗೆ ನುಗ್ಗಿತೆಂದರೆ, ಹೊರಗೆ ಹೊಳಪಿರುವಾಗಲೇ ಒಳಗೆ ಲೋಹ ಬಿಳಿಪುಡಿಯಾಗುತ್ತ ಹೋಗುತ್ತದೆ. ಡಬ್ಬಿಯ ಬಣ್ಣ ಕೆಟ್ಟಲ್ಲಿಗೆ ಮತ್ತೆ ಹಚ್ಚಬಹುದು. ಪುಡಿ ಕೆಟ್ಟರೆ ಮತ್ತೆ ಒಲೆಯ ಬಾಗಿಲಿಗೇ ಹೋಗಬೇಕು.

ಆದುದರಿಂದ ದಿನವೂ ಕಬ್ಬಿನ ಗದ್ದೆಯ ದಾರಿ ತುಳಿಯುವ ಅಲಾಯ್ ಗಾಲಿಗೆ ಪುಡಿಯೇ ಲೇಸೆಂದೂ, ಹಳೆಯ ಕಡ್ಡಿಗಾಲಿಗೆ ಮನೆಯ ಬಣ್ಣವೇ ಸಾಕೆಂದೂ ನನ್ನ ಮತ. ಕಡ್ಡಿಗಳನ್ನು ಬಿಚ್ಚದೆ ಪುಡಿ ಬೇಯಿಸಿದರೆ ನಿಪ್ಪಲ್ಲುಗಳು ಬಿಗಿದುಹೋಗಿ, ಮುಂದೆ ಗಾಲಿಯ ಓರೆ ತೆಗೆಯುವವನ ಸಂಕಷ್ಟ ಹೇಳತೀರದು. ಒಲೆಯವರಿಗೆ ಗಾಲಿ ಒಪ್ಪಿಸುವ ಮುನ್ನ ಕೇಳಬೇಕಾದುದು ದರವನ್ನಲ್ಲ: ಬೇರಿಂಗ್ ಕೂರುವ ಗೂಡು, ಡಿಸ್ಕ್ ತಾಗುವ ಮುಖ, ಬೋಲ್ಟಿನ ಮರೆ, ಡ್ರಮ್ಮಿನ ಒಳಮೈ ಇವನ್ನು ಮುಚ್ಚಿ ಸಿಂಪಡಿಸುವಿರಾ ಎಂದು. ಡಿಸ್ಕಿನಡಿ ಸಿಕ್ಕ ದಪ್ಪ ಪದರ ಕಾಲಕ್ರಮದಲ್ಲಿ ಅಮುಕಿದರೆ ಬೋಲ್ಟು ಸಡಿಲವಾಗುತ್ತದೆ. ಉತ್ತರ ತಡವರಿಸಿದರೆ ಗಾಲಿಯನ್ನು ಮುಂದಿನ ರೈಲಿಗೇ ಉಗಾರಕ್ಕೆ ತಿರುಗಿ ತರುವುದು ಸರಿ.