ಅರವತ್ತರ ಮೇಲೆ ಸೋಲಾರ್ ಹಾಕಿಸಬೇಕೇ?

ನಿವೃತ್ತಿಯ ಹಣ ಕೈಗೆ ಬಂದ ಹೊಸದರಲ್ಲಿ ತಾರಸಿಗೆ ಸೋಲಾರ್ ಹಾಕಿಸುವ ಮಾತು ಬಹಳ ಮನೆಗಳಲ್ಲಿ ಬರುತ್ತದೆ. ಅದರ ಹಿಂದೆಯೇ, "ಇಪ್ಪತ್ತೈದು ವರ್ಷ ಬಾಳುತ್ತದಂತೆ, ಅಷ್ಟು ವರ್ಷ ನಾವಿರಬೇಕಲ್ಲ" ಎಂಬ ಮಾತೂ ಬರುತ್ತದೆ. ಅಲ್ಲಿಗೆ ಚರ್ಚೆ ನಿಂತುಹೋಗುತ್ತದೆ. ಹಾಗೆ ನಿಲ್ಲಬಾರದು. ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಅದರ ಯಾವ ಭಾಗಕ್ಕೆ ಬೇಗ ಮುಪ್ಪು ಬರುತ್ತದೆ ಎಂದು ತಿಳಿದರೆ, ಬೇಕೋ ಬೇಡವೋ ಎಂಬುದನ್ನು ನಮ್ಮ ವಯಸ್ಸಿಗಿಂತ ಮನೆಯ ಕರೆಂಟ್ ಬಿಲ್ಲು ಮತ್ತು ತಾರಸಿಯ ನೆರಳು ಚೆನ್ನಾಗಿ ಹೇಳುತ್ತವೆ.

ಫಲಕದ ಗಾಜಿನ ಕೆಳಗೆ ಇರುವುದು ಸಿಲಿಕಾನ್ ಬಿಲ್ಲೆಗಳು. ಒಂದೊಂದರ ದಪ್ಪ ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಬಿಲ್ಲೆಯ ಒಂದು ಮೈಗೆ ರಂಜಕ, ಇನ್ನೊಂದಕ್ಕೆ ಬೋರಾನಿನಂಥ ಧಾತು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿರುತ್ತದೆ. ಇವೆರಡೂ ಸೇರುವ ಗಡಿಯಲ್ಲಿ ತಾನೇ ತಾನಾಗಿ ಒಂದು ವಿದ್ಯುತ್ ಕ್ಷೇತ್ರ ಹುಟ್ಟಿಕೊಳ್ಳುತ್ತದೆ. ಬೆಳಕಿನ ಕಣ ಬಡಿದಾಗ ಸಿಲಿಕಾನಿನಿಂದ ಎಲೆಕ್ಟ್ರಾನ್ ಸಡಿಲವಾಗುತ್ತದೆ, ಆ ಕ್ಷೇತ್ರ ಅದನ್ನು ಒಂದೇ ದಿಕ್ಕಿಗೆ ದೂಡುತ್ತದೆ. ಫಲಕದ ಮೇಲೆ ಕಾಣುವ ಬೆಳ್ಳಿಯ ಸಣ್ಣ ಗೆರೆಗಳು ಹೀಗೆ ಹರಿದು ಬಂದ ಎಲೆಕ್ಟ್ರಾನುಗಳನ್ನು ಕೂಡಿಸಿ ಹೊರಗೆ ಕಳಿಸುತ್ತವೆ. ಇಲ್ಲಿ ತಿರುಗುವುದು, ಉಜ್ಜುವುದು, ಸವೆಯುವುದು ಏನೂ ಇಲ್ಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಇಂಥ ಕೋಶವನ್ನು ಮೊದಲು ತೋರಿಸಿದಾಗ ಅದು ಬಿಸಿಲಿನ ಶೇ. 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇಂದು ಅಂಗಡಿಯಲ್ಲಿ ಸಿಗುವ ಫಲಕ ಶೇ. 20 ದಾಟಿದೆ. ವರ್ಷಕ್ಕೆ ಅದರ ಶಕ್ತಿ ಕುಂದುವುದು ಹೆಚ್ಚುಕಡಿಮೆ ಶೇ. ಅರ್ಧದಷ್ಟು. ಇಪ್ಪತ್ತೈದು ವರ್ಷದ ನಂತರವೂ ಮೂಲ ಶಕ್ತಿಯ ಶೇ. 80ಕ್ಕಿಂತ ಹೆಚ್ಚು ಉಳಿದಿರುತ್ತದೆ ಎಂದು ತಯಾರಕರು ಬರೆದುಕೊಡುತ್ತಾರೆ.

ಬೇಗ ಮುಪ್ಪಾಗುವುದು ಇನ್ವರ್ಟರು. ಫಲಕ ಕೊಡುವುದು ಒಂದೇ ದಿಕ್ಕಿನ ವಿದ್ಯುತ್ತು. ಅದನ್ನು ಮನೆಗೆ ಬೇಕಾದ 230 ವೋಲ್ಟಿನ, ಸೆಕೆಂಡಿಗೆ 50 ಸಲ ಅತ್ತಿಂದಿತ್ತ ಓಲಾಡುವ ವಿದ್ಯುತ್ತಾಗಿ ಮಾರ್ಪಡಿಸುವ ಪೆಟ್ಟಿಗೆ ಇದು. ಇದರೊಳಗಿನ ಕೆಪಾಸಿಟರುಗಳು ಕಾವಿಗೆ ವರ್ಷದಿಂದ ವರ್ಷಕ್ಕೆ ಒಣಗುತ್ತವೆ. ಹತ್ತು ಹನ್ನೆರಡು ವರ್ಷ ಬಾಳಿದರೆ ಸಮಾಧಾನ ಪಡಬೇಕು. ಅರವತ್ತಕ್ಕೆ ಹಾಕಿಸಿದವರಿಗೆ ಎಪ್ಪತ್ತರ ಆಚೀಚೆ ಒಂದು ದೊಡ್ಡ ಖರ್ಚು ಕಾದಿದೆ ಎಂದಾಯಿತು. ಆ ಮೊತ್ತವನ್ನು ಈಗಲೇ ಬೇರೆ ತೆಗೆದಿಡುವುದು ಒಳ್ಳೆಯದು. ಪೆಟ್ಟಿಗೆಯನ್ನು ಪಶ್ಚಿಮದ ಬಿಸಿಲು ಹೊಡೆಯುವ ಗೋಡೆಗೆ ಹಾಕಿಸದೆ, ಗಾಳಿಯಾಡುವ ನೆರಳಿನಲ್ಲಿ, ನಿಂತು ನೋಡುವ ಎತ್ತರಕ್ಕೆ ಹಾಕಿಸಬೇಕು. ಕೆಲಸಗಾರರು ವೈರು ಉಳಿಸಲು ತಾರಸಿಯ ಪ್ಯಾರಪೆಟ್ಟಿಗೇ ಅಂಟಿಸಿ ಹೋಗಲು ನೋಡುತ್ತಾರೆ. ಒಪ್ಪಬೇಡಿ.

ಇನ್ನು ನೆರಳು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಣ ವ್ಯರ್ಥವಾಗುವುದು ಇಲ್ಲೇ. ಒಂದು ಬಿಲ್ಲೆ ಕೊಡುವುದು ಅರ್ಧ ವೋಲ್ಟಿಗಿಂತ ತುಸು ಹೆಚ್ಚು. ಹಾಗಾಗಿ ಅವನ್ನು ಒಂದರ ಹಿಂದೊಂದು ಪೋಣಿಸಿರುತ್ತಾರೆ, ಫಲಕಗಳನ್ನೂ ಹಾಗೆಯೇ. ಮನೆಗೆ ಮೋಲ್ಡ್ ಹಾಕುವ ದಿನ ಕಾಂಕ್ರೀಟಿನ ಬಾಣಲಿ ಕೈಯಿಂದ ಕೈಗೆ ದಾಟುವ ಸಾಲಿನಲ್ಲಿ ಒಬ್ಬರು ಕೈ ಬಿಟ್ಟರೆ ಇಡೀ ಸಾಲು ನಿಲ್ಲುತ್ತದೆ, ಇಲ್ಲಿಯೂ ಅಷ್ಟೆ. ಒಂದು ತೆಂಗಿನ ಗರಿಯ ನೆರಳು ನಾಲ್ಕು ಬಿಲ್ಲೆ ಮುಚ್ಚಿದರೆ ಆ ಸರಪಳಿಯ ಹರಿವೇ ಕುಗ್ಗುತ್ತದೆ. ನೆರಳಾದ ಭಾಗವನ್ನು ಬದಿಗಿಟ್ಟು ವಿದ್ಯುತ್ತನ್ನು ಸುತ್ತಿ ಸಾಗಿಸುವ ಡಯೋಡುಗಳು ಪ್ರತಿ ಫಲಕದಲ್ಲಿ ಸಾಮಾನ್ಯವಾಗಿ ಮೂರಿರುತ್ತವೆ. ಅವು ನಷ್ಟ ತಗ್ಗಿಸುತ್ತವೆ, ಪೂರ್ತಿ ತಪ್ಪಿಸುವುದಿಲ್ಲ.

ಮೇ ತಿಂಗಳಲ್ಲಿ ತಾರಸಿ ನೋಡಲು ಬಂದವರು "ನೆರಳೇ ಇಲ್ಲ ಸಾರ್" ಎಂದರೆ ಅದು ಅರ್ಧ ಸತ್ಯ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನವೆಂದು ಶಾಲೆಗಳಲ್ಲಿ ಮಕ್ಕಳು ಕೋಲು ನೆಟ್ಟು ನೋಡುವುದು ಆಗಲೇ. ಡಿಸೆಂಬರಿಗೆ ಅವನು ದಕ್ಷಿಣಕ್ಕೆ ಸರಿದು ಮಧ್ಯಾಹ್ನವೂ ಸುಮಾರು 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಆರು ಅಡಿ ಎತ್ತರದ ನೀರಿನ ಟ್ಯಾಂಕಿನ ನೆರಳು ಆಗ ನಡುಹಗಲಲ್ಲೂ ನಾಲ್ಕೂವರೆ ಅಡಿ ಚಾಚುತ್ತದೆ, ಬೆಳಿಗ್ಗೆ ಒಂಬತ್ತಕ್ಕೆ ಒಂಬತ್ತು ಅಡಿ ದಾಟುತ್ತದೆ. ಆದ್ದರಿಂದ ತಾರಸಿಯನ್ನು ಧನುರ್ಮಾಸದಲ್ಲಿ ಒಮ್ಮೆ ಹತ್ತಿ ನೋಡಿ, ಟ್ಯಾಂಕು, ಮೆಟ್ಟಿಲ ಕೋಣೆ, ಪಕ್ಕದ ಮನೆಯ ಮೂರನೇ ಮಹಡಿ ಎಲ್ಲವುಗಳ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಉಳಿದ ಜಾಗವೇ ನಿಮ್ಮ ಜಾಗ. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ ಬೇಕು. ದಕ್ಷಿಣದ ಸೈಟು ಖಾಲಿಯಿದ್ದರೆ ನಾಳೆ ಅಲ್ಲಿ ಏನು ಏಳಬಹುದು ಎಂಬುದನ್ನೂ ಯೋಚಿಸಿ.

ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. ಅದರ ಮೇಲೆ ಬರೆದ ವ್ಯಾಟು 25 ಡಿಗ್ರಿ ಉಷ್ಣತೆಗೆ ಅಳೆದದ್ದು. ಅದಕ್ಕಿಂತ ಮೇಲೆ ಪ್ರತಿ ಡಿಗ್ರಿಗೂ ಶೇ. 0.3ರಿಂದ 0.4ರಷ್ಟು ಶಕ್ತಿ ಇಳಿಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಫಲಕದ ಮೈ 60 ಡಿಗ್ರಿ ದಾಟಿದಾಗ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೀಗೇ ಹೋಗುತ್ತದೆ. ಕೆಳಗೆ ಗಾಳಿ ಹಾಯಲು ಜಾಗ ಬಿಡಬೇಕೆನ್ನುವುದು ಇದಕ್ಕೇ. ಮಲೆನಾಡಿನಲ್ಲಿ ಸಮಸ್ಯೆ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಉತ್ಪಾದನೆ ಬಹಳ ಕುಸಿಯುತ್ತದೆ. ವರ್ಷದ ಸರಾಸರಿ ಹಿಡಿದರೆ ಬಯಲುಸೀಮೆಯ ಊರುಗಳಲ್ಲಿ ಒಂದು ಕಿಲೋವ್ಯಾಟು ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ.

ಈಗ ಹಣದ ಮಾತು. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನವಿದೆ. ಮೂರು ಕಿಲೋವ್ಯಾಟಿಗೆ ಎರಡು ಲಕ್ಷ ಖರ್ಚಾದರೆ ಕೈಯಿಂದ ಹೋಗುವುದು 1,22,000. ಅದು ವರ್ಷಕ್ಕೆ ಸುಮಾರು 4,300 ಯೂನಿಟ್ ಉತ್ಪಾದಿಸಿದರೆ, ಯೂನಿಟ್ಟಿಗೆ ಆರು ರೂಪಾಯಿಯಂತೆ ಉಳಿತಾಯ 25,000 ದಾಟುತ್ತದೆ. ಐದು ವರ್ಷದೊಳಗೆ ಹಾಕಿದ್ದು ಮರಳುತ್ತದೆ. ಬ್ಯಾಂಕಿನ ಠೇವಣಿಯ ಬಡ್ಡಿ ಆದಾಯವಾಗುತ್ತದೆ, ಬಿಲ್ಲಿನಲ್ಲಿ ಉಳಿದದ್ದು ಆದಾಯವಲ್ಲ, ಅದಕ್ಕೆ ತೆರಿಗೆಯೂ ಇಲ್ಲ. ಆದರೆ ಠೇವಣಿಯ ಅಸಲನ್ನು ಆಸ್ಪತ್ರೆಯ ಖರ್ಚಿಗೆ ಮುರಿಸಬಹುದು, ತಾರಸಿಯ ಫಲಕವನ್ನು ಹಾಗೆ ಮುರಿಸಲಾಗದು. ಆಪತ್ತಿಗಿಟ್ಟ ಹಣಕ್ಕೆ ಕೈ ಹಾಕಿ ಸೋಲಾರ್ ಹಾಕಿಸುವುದನ್ನು ನಾನು ಒಪ್ಪುವುದಿಲ್ಲ.

ಇದು ತಿಂಗಳಿಗೆ 350 ಯೂನಿಟ್ ಉರಿಸುವ ಮನೆಯ ಲೆಕ್ಕ. ಎಸಿ, ಇಂಡಕ್ಷನ್ ಒಲೆ, ವಿದ್ಯುತ್ ಸ್ಕೂಟರು ಇದ್ದರೆ ಅಷ್ಟಾಗುತ್ತದೆ. ಇಬ್ಬರೇ ಇರುವ, ನೀರು ಕಾಯಿಸಲು ಹಳೆಯ ಸೋಲಾರ್ ಹೀಟರೇ ಇರುವ ಮನೆ ತಿಂಗಳಿಗೆ ನೂರು ಯೂನಿಟ್ಟನ್ನೂ ಮುಟ್ಟದಿರಬಹುದು. 2023ರಿಂದ ಗೃಹಜ್ಯೋತಿ ಯೋಜನೆ ಅಂಥ ಮನೆಗಳ ಬಿಲ್ಲನ್ನು ಸೊನ್ನೆ ಮಾಡಿದೆ. ಸೊನ್ನೆಯಲ್ಲಿ ಉಳಿಸುವುದಕ್ಕೆ ಏನೂ ಇಲ್ಲ. ಅವರು ಸುಮ್ಮನಿರುವುದೇ ಜಾಣತನ. ವರ್ಷದಲ್ಲಿ ಆರು ತಿಂಗಳು ಮನೆಗೆ ಬೀಗ ಹಾಕಿ ಅಮೆರಿಕದ ಮಕ್ಕಳ ಮನೆಯಲ್ಲಿರುವವರೂ ನಿಧಾನಿಸಬೇಕು. ಬಳಸದೆ ಉಳಿದು ಗ್ರಿಡ್ಡಿಗೆ ಹೋದ ಯೂನಿಟ್ಟಿಗೆ ಎಸ್ಕಾಂ ಕೊಡುವ ದರ ನಾವು ಕೊಳ್ಳುವ ದರದಷ್ಟಿರುವುದಿಲ್ಲ. ಬಿಲ್ಲು ಕಟ್ಟುವ ಮನೆಗೆ ಸೋಲಾರ್ ಹಾಕಿಸಿದ ಮೇಲೂ ನಿಗದಿತ ಶುಲ್ಕವಂತೂ ತಪ್ಪಿದ್ದಲ್ಲ.

"ಕರೆಂಟು ಹೋದರೂ ಚಿಂತೆಯಿಲ್ಲ" ಎಂದು ಹಾಕಿಸುವವರು ಒಂದು ವಿಷಯ ತಿಳಿದಿರಬೇಕು. ಬ್ಯಾಟರಿ ಇಲ್ಲದ, ಗ್ರಿಡ್ಡಿಗೆ ಜೋಡಿಸಿದ ವ್ಯವಸ್ಥೆ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ, ಸುಡುಬಿಸಿಲಿದ್ದರೂ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ವಿದ್ಯುತ್ತು ಹರಿದು ಹೋಗಿ ಅಪಾಯವಾಗದಿರಲೆಂದು ಹಾಗೆ ಮಾಡಿದ್ದಾರೆ, ಅದು ಇರಲೇಬೇಕಾದ ರಕ್ಷಣೆ. ಫ್ಯಾನು, ದೀಪಕ್ಕೆ ಹಳೆಯ ಯುಪಿಎಸ್ ಇರಲಿ. ಮನೆಯಲ್ಲಿ ಆಮ್ಲಜನಕದ ಯಂತ್ರ ಬಳಸುವ ಹಿರಿಯರಿದ್ದರೆ ಬ್ಯಾಟರಿ ಸಹಿತವಾದ ಹೈಬ್ರಿಡ್ ವ್ಯವಸ್ಥೆಯ ದರವನ್ನೇ ಕೇಳಿ.

ಶುಚಿ ಮಾಡುವುದು ವಯಸ್ಸಾದವರಿಗೆ ನಿಜವಾದ ತೊಡಕು. ಧೂಳು ಕೂತರೆ ಉತ್ಪಾದನೆ ಇಳಿಯುತ್ತದೆ, ಮಳೆಗಾಲದಲ್ಲಿ ಮಳೆಯೇ ತೊಳೆಯುತ್ತದೆ, ಜನವರಿಯಿಂದ ಮೇವರೆಗೆ ನಾವೇ ತೊಳೆಯಬೇಕು. ಎಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದರೆ ಕೆಳಗೆ ಬಟ್ಟೆ ಒಣಹಾಕಬಹುದು ಎನ್ನುತ್ತಾರೆ, ಆದರೆ ಎಪ್ಪತ್ತರಲ್ಲಿ ಅಲ್ಲಿಗೆ ಏಣಿ ಹಾಕುವವರು ಯಾರು? ಕೆಳಗೆ ನಿಂತು ಉದ್ದ ಕೋಲಿನ ಸ್ಪಂಜು ಎಟುಕುವಷ್ಟೇ ಎತ್ತರ ಸಾಕು, ಸುತ್ತ ಓಡಾಡಲು ಎರಡಡಿ ಬಿಡಿಸಿಕೊಳ್ಳಿ. ಬೆಳಿಗ್ಗೆ ಗಾಜು ತಣ್ಣಗಿರುವಾಗ ತೊಳೆಯಿರಿ. ಬೆಳಕಿರುವ ತನಕ ಫಲಕಗಳ ವೈರಿನಲ್ಲಿ ನೂರಾರು ವೋಲ್ಟ್ ಇರುತ್ತದೆ, ಫಲಕವನ್ನೇ ಆರಿಸುವ ಸ್ವಿಚ್ಚಿಲ್ಲ. ಸಿಪ್ಪೆ ಬಿಟ್ಟ ವೈರು ಕಂಡರೆ ಮುಟ್ಟದೆ ತಿಳಿದವರನ್ನು ಕರೆಸಿ.

ಇಷ್ಟೆಲ್ಲ ನೋಡಿ ಹಾಕಿಸುವುದೆಂದಾದರೆ ಹಳೆಯ ಬಿಲ್ಲೊಂದನ್ನು ತೆಗೆದು ಆರ್‌ಆರ್ ನಂಬರು ಯಾರ ಹೆಸರಿನಲ್ಲಿದೆ ನೋಡಿ. ಎಷ್ಟೋ ಮನೆಗಳಲ್ಲಿ ಅದು ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇರುತ್ತದೆ. ಸಹಾಯಧನದ ಅರ್ಜಿ ಮುಂದೆ ಸಾಗಬೇಕಾದರೆ ಮೊದಲು ಅದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಆ ಕೆಲಸವನ್ನು ಸೋಲಾರ್ ಹಾಕಿಸದಿದ್ದರೂ ಈ ವರ್ಷವೇ ಮುಗಿಸುವುದು ಒಳ್ಳೆಯದು.