ಗೋಡೆಯ ಕಿಂಡಿಯಲ್ಲೊಂದು ಕಂಪ್ಯೂಟರ್

ದಕ್ಷಿಣ ದೆಹಲಿಯ ಕಾಲ್ಕಾಜಿಯಲ್ಲಿ ಎನ್‌ಐಐಟಿ ಸಂಸ್ಥೆಯ ಕಚೇರಿಗೂ ಪಕ್ಕದ ಕೊಳೆಗೇರಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಒಳಗೆ ಕಂಪ್ಯೂಟರ್ ತಜ್ಞರು. ಹೊರಗೆ ಕಂಪ್ಯೂಟರನ್ನು ಕಣ್ಣಿಂದಲೂ ನೋಡದ ಮಕ್ಕಳು. 1999ರ ಜನವರಿ 26ರಂದು ಸಂಸ್ಥೆಯ ವಿಜ್ಞಾನಿ ಸುಗತ ಮಿತ್ರಾ ಆ ಗೋಡೆಯ ಕಿಂಡಿಯಲ್ಲಿ ಇಂಟರ್‌ನೆಟ್ ಇರುವ ಕಂಪ್ಯೂಟರೊಂದನ್ನು ಕೊಳೆಗೇರಿಯತ್ತ ಮುಖಮಾಡಿ ಇಟ್ಟರು. ಮೇಷ್ಟರಿಲ್ಲ, ಶುಲ್ಕವಿಲ್ಲ, ಹೀಗೆ ಮಾಡಿ ಎನ್ನುವವರೂ ಇಲ್ಲ.

ಇಂಗ್ಲಿಷ್ ಬಾರದ ಮಕ್ಕಳು ಕೆಲವೇ ಗಂಟೆಗಳಲ್ಲಿ ಪರದೆಯ ಮೇಲಿನ ಬಾಣವನ್ನು ಬೇಕೆಂದಲ್ಲಿಗೆ ಓಡಿಸತೊಡಗಿದರು. ಒಬ್ಬ ಕಂಡುಕೊಂಡದ್ದನ್ನು ಹತ್ತು ಮಂದಿ ಕಲಿತರು. ಚಿತ್ರ ಬಿಡಿಸಿದರು, ಆಟವಾಡಿದರು, ಇಂಟರ್‌ನೆಟ್ ಜಾಲಾಡಿದರು. ಮಿತ್ರಾ ಇದೇ ಪ್ರಯೋಗವನ್ನು ಮಧ್ಯಪ್ರದೇಶದ ಶಿವಪುರಿಗೆ, ಉತ್ತರಪ್ರದೇಶದ ಮದಂತುಸಿ ಹಳ್ಳಿಗೆ ಒಯ್ದರು. ಸುದ್ದಿ ದೇಶ ದಾಟಿತು. ವಿಕಾಸ್ ಸ್ವರೂಪ್ ತಮ್ಮ ‘ಕ್ಯೂ ಅಂಡ್ ಎ’ ಕಾದಂಬರಿಗೆ ಇಲ್ಲಿಂದಲೇ ಪ್ರೇರಣೆ ಪಡೆದರು. ಅದೇ ಮುಂದೆ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರವಾಯಿತು.

ಆದರೆ ಕಿಂಡಿಯ ಮುಂದೆ ನಿಂತು ನೋಡಿದವರೆಲ್ಲ ಮೆಚ್ಚಲಿಲ್ಲ. ದೆಹಲಿಯ ಕಿಂಡಿಗಳಿಗೆ ಭೇಟಿಯಿತ್ತ ಅಮೆರಿಕದ ಸಂಶೋಧಕ ಮಾರ್ಕ್ ವಾರ್ಷಾವರ್ ಕಂಡದ್ದೇ ಬೇರೆ: ಇಂಟರ್‌ನೆಟ್ ಕೆಲಸ ಮಾಡುತ್ತಿದ್ದುದೇ ಅಪರೂಪ, ಹಿಂದಿಯಲ್ಲಿ ಓದಲು ಏನೂ ಇಲ್ಲ, ಮಕ್ಕಳ ಹೊತ್ತೆಲ್ಲ ಚಿತ್ರ ಮತ್ತು ಆಟಗಳಲ್ಲೇ ಕಳೆಯುತ್ತಿತ್ತು. ಮಗ ಓದು ಬಿಟ್ಟು ಇಲ್ಲೇ ಬಿದ್ದಿರುತ್ತಾನೆ ಎಂದು ತಂದೆತಾಯಂದಿರು ಅಲವತ್ತುಕೊಂಡರು. ಉತ್ತರಾಖಂಡದ ಅಲ್ಮೋರಾ, ಹವಾಲ್‌ಬಾಗ್‌ಗಳಲ್ಲಿ ಇಂಥ ಕೇಂದ್ರಗಳು ಮುಚ್ಚಿಹೋಗಿದ್ದನ್ನು ಸಂಶೋಧಕಿ ಪಾಯಲ್ ಅರೋರಾ 2010ರಲ್ಲಿ ಬರೆದರು. ಊರಿನವರು ತಮ್ಮದೆಂದು ಭಾವಿಸದ ಯಂತ್ರವನ್ನು ಕಾಯುವವರು ಯಾರು?

ಯಂತ್ರದ ಜೊತೆಗೆ ಇನ್ನೇನು ಬೇಕು ಎಂಬುದರ ಸುಳಿವು ಮಿತ್ರಾರದೇ ಇನ್ನೊಂದು ಪ್ರಯೋಗದಲ್ಲಿ ಸಿಕ್ಕಿತು. ತಮಿಳುನಾಡಿನ ಕಾಳಿಕುಪ್ಪಂನಲ್ಲಿ ಅವರು ತಮಿಳು ಮಾತಾಡುವ ಮಕ್ಕಳ ಮುಂದೆ ಜೈವಿಕ ತಂತ್ರಜ್ಞಾನದ ಪಾಠವನ್ನು ಇಂಗ್ಲಿಷಿನಲ್ಲೇ ಇಟ್ಟು ಹೊರಟುಬಿಟ್ಟರು. ಎರಡು ತಿಂಗಳ ನಂತರ ಪರೀಕ್ಷಿಸಿದಾಗ ಸೊನ್ನೆಯಿದ್ದ ಅಂಕ ನೂರಕ್ಕೆ ಮೂವತ್ತಾಗಿತ್ತು. ಬೆರಗೇ ಸರಿ, ಆದರೆ ಪಾಸಾಗಲು ಸಾಲದು. ಆಗ ಮಕ್ಕಳಿಗೆ ಪರಿಚಯವಿದ್ದ ಊರಿನ ಯುವತಿಯೊಬ್ಬಳ ನೆರವು ಕೇಳಿದರು. ಅವಳಿಗೆ ಆ ವಿಷಯ ಗೊತ್ತಿರಲಿಲ್ಲ. ಮಕ್ಕಳ ಹಿಂದೆ ನಿಂತು, ಅಜ್ಜಿಯ ಹಾಗೆ ‘ಅಬ್ಬಾ, ಇದೆಂಗೆ ಮಾಡಿದೆ?’ ಎಂದು ಅಕ್ಕರೆಯಿಂದ ಕೇಳುವುದಷ್ಟೇ ಅವಳ ಕೆಲಸ. ಅಂಕ ಐವತ್ತಕ್ಕೇರಿತು.

ಯಾರೂ ಬೇಡವೆಂದು ಶುರುವಾದ ಪ್ರಯೋಗಕ್ಕೆ ಒಬ್ಬರು ಬೇಕಾದರು. ಮುಂದೆ ಸ್ಕೈಪ್ ಮೂಲಕ ಬ್ರಿಟನ್ನಿನ ಸ್ವಯಂಸೇವಕರನ್ನು ಭಾರತದ ಮಕ್ಕಳೊಂದಿಗೆ ಹರಟಲು ಕೂರಿಸಿದ್ದೂ ಮಿತ್ರಾ ಅವರೇ. 2013ರಲ್ಲಿ ಅವರಿಗೆ ಹತ್ತು ಲಕ್ಷ ಡಾಲರಿನ ಟೆಡ್ ಪ್ರಶಸ್ತಿ ಬಂತು. ಹೊಗಳಿಕೆಯಲ್ಲಿ ಹೆಚ್ಚಿನದು ಒಂಟಿ ಕಂಪ್ಯೂಟರಿನ ಪಾಲಾಯಿತು; ಆ ಯುವತಿಗೆ ಸಲ್ಲಬೇಕಾದ್ದು ಸಲ್ಲಲಿಲ್ಲ.

ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ, ಹಲವೆಡೆ ಕಂಪ್ಯೂಟರುಗಳೂ ಬಂದಿವೆ. ಆ ಯುವತಿಯಂಥವರು ಇಲ್ಲೂ ಬೇಕು; ಮೇಲ್ವಿಚಾರಕರೊಬ್ಬರೇ ಎಲ್ಲವನ್ನೂ ನಿಭಾಯಿಸಲಾರರು. ನಿಮ್ಮೂರಿನ ಕೇಂದ್ರಕ್ಕೊಮ್ಮೆ ಹೋಗಿ. ಕಂಪ್ಯೂಟರ್ ಬಾರದಿದ್ದರೂ ಚಿಂತೆಯಿಲ್ಲ, ಮಕ್ಕಳ ಪಕ್ಕ ಒಂದು ಗಂಟೆ ಕೂತು ಏನು ಮಾಡುತ್ತಿದ್ದಾರೆಂದು ಕೇಳಿ.