ಆಧಾರ್ ಮತ್ತು ಖಾಸಗಿತನ: ಸೇವೆ ಕೋರುವ ಅರ್ಜಿದಾರರ ಮಾಹಿತಿಗಾಗಿ

ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳ ನಾಡಕಛೇರಿ, ತಾಲ್ಲೂಕು ಕಛೇರಿ, ಉಪನೋಂದಣಾಧಿಕಾರಿಗಳ ಕಛೇರಿ, ಗ್ರಾಮ ಒನ್ ಕೇಂದ್ರ ಮತ್ತು ನ್ಯಾಯಬೆಲೆ ಅಂಗಡಿಗಳಲ್ಲಿ ಸೇವೆ ಕೋರುವ ಸಾರ್ವಜನಿಕರು ಬಹುತೇಕ ಸಂದರ್ಭಗಳಲ್ಲಿ ಆಧಾರ್ ಸಂಖ್ಯೆಯನ್ನು ನೀಡಬೇಕಾಗುತ್ತದೆ. ಈ ಸಂಖ್ಯೆಯನ್ನು ಯಾರು ಕೇಳಬಹುದು, ನೀಡಿದ ನಂತರ ಅದರ ಉಪಯೋಗವೇನು, ಬೆರಳಚ್ಚು ಬೇರೆಯವರ ಕೈಗೆ ಸಿಕ್ಕಿದರೆ ಏನಾಗಬಹುದು ಎಂಬ ಪ್ರಶ್ನೆಗಳನ್ನು ಅರ್ಜಿದಾರರು ಕೇಳುವುದು ಸಹಜ. ಈ ಪ್ರಶ್ನೆಗಳಿಗೆ ಕಾನೂನಿನಲ್ಲಿ ಉತ್ತರವಿದ್ದು, ಅದನ್ನು ಸರಳವಾಗಿ ತಿಳಿಸುವ ಉದ್ದೇಶದಿಂದ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ. (2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಗಿದೆ. ತಾಲ್ಲೂಕುಗಳ ಹೆಸರುಗಳು ಮೊದಲಿನಂತೆಯೇ ಇವೆ.)

ಆಧಾರ್‌ನಲ್ಲಿ ಸಂಗ್ರಹವಾಗುವ ವಿವರಗಳು

ಭಾರತೀಯ ವಿಶಿಷ್ಟ ಗುರುತು ಪ್ರಾಧಿಕಾರವನ್ನು ಕೇಂದ್ರ ಸರ್ಕಾರವು 2009ರ ಜನವರಿಯಲ್ಲಿ ಸ್ಥಾಪಿಸಿತು. ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭಳಿ ಗ್ರಾಮದಲ್ಲಿ ನೀಡಲಾಯಿತು. ಕರ್ನಾಟಕದಲ್ಲಿ ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ ನೋಂದಣಿ ಮೊದಲು ಕೈಗೊಳ್ಳಲಾಗಿತ್ತು.

ನೋಂದಣಿಯ ಸಮಯದಲ್ಲಿ ಹೆಸರು, ಜನ್ಮ ದಿನಾಂಕ, ಲಿಂಗ ಮತ್ತು ವಿಳಾಸದೊಂದಿಗೆ ಹತ್ತು ಬೆರಳುಗಳ ಗುರುತು, ಎರಡೂ ಕಣ್ಣುಪಾಪೆಗಳ ಚಿತ್ರ ಹಾಗೂ ಮುಖದ ಭಾವಚಿತ್ರವನ್ನು ಪಡೆಯಲಾಗುತ್ತದೆ. ಐದು ವರ್ಷದೊಳಗಿನ ಮಕ್ಕಳ ಬೆರಳಚ್ಚು ಹಾಗೂ ಕಣ್ಣುಪಾಪೆಯ ಚಿತ್ರವನ್ನು ಪಡೆಯುವುದಿಲ್ಲ. ಜಾತಿ, ಧರ್ಮ, ಆದಾಯ, ಆರೋಗ್ಯದ ಇತಿಹಾಸ ಇವುಗಳನ್ನು ಆಧಾರ್ ದತ್ತಾಂಶದಲ್ಲಿ ಸೇರಿಸತಕ್ಕದ್ದಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಜಾತಿ ಮತ್ತು ಆದಾಯ ಪ್ರಮಾಣ ಪತ್ರಕ್ಕಾಗಿ ನಾಡಕಛೇರಿಗೆ ನೀಡುವ ವಿವರಗಳು ಕಂದಾಯ ಇಲಾಖೆಯ ದಾಖಲೆಗೆ ಸೇರುತ್ತವೆಯೇ ಹೊರತು ಆಧಾರ್‌ಗೆ ಅಲ್ಲ. ಆದರೆ ಹಲವು ಇಲಾಖೆಗಳ ದಾಖಲೆಗಳಲ್ಲಿ ಒಂದೇ ಸಂಖ್ಯೆ ಇದ್ದಾಗ ಅವುಗಳನ್ನು ಒಂದರೊಡನೊಂದು ಜೋಡಿಸುವುದು ಸುಲಭವಾಗುತ್ತದೆ. ಖಾಸಗಿತನದ ಬಗ್ಗೆ ವ್ಯಕ್ತವಾದ ಆತಂಕದ ಮೂಲ ಇಲ್ಲಿದೆ. ಅದನ್ನು ಕೇವಲ ತಪ್ಪು ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ.

ಆಧಾರ್ ಸಂಖ್ಯೆಯು ಪೌರತ್ವಕ್ಕಾಗಲೀ ವಾಸಸ್ಥಳಕ್ಕಾಗಲೀ ತಾನಾಗಿಯೇ ಪುರಾವೆಯಲ್ಲ ಎಂಬುದನ್ನೂ ಗಮನಿಸುವುದು.

ಪುಟ್ಟಸ್ವಾಮಿ ಪ್ರಕರಣ

ಈ ಆತಂಕವನ್ನು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟವರಲ್ಲಿ ಪ್ರಮುಖರು ಕನ್ನಡಿಗರೇ ಆಗಿದ್ದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಶ್ರೀ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ರಿಟ್ ಅರ್ಜಿ ಸಲ್ಲಿಸಿದರು. ಆ ವೇಳೆಗೆ ಯೋಜನೆಗೆ ಸಂಸತ್ತು ಅಂಗೀಕರಿಸಿದ ಕಾಯ್ದೆಯ ಬೆಂಬಲ ಇರಲಿಲ್ಲ. ಕಾರ್ಯಾಂಗದ ಆದೇಶದ ಮೇಲೆಯೇ ಕೋಟ್ಯಂತರ ಜನರ ಬೆರಳಚ್ಚನ್ನು ಸಂಗ್ರಹಿಸಲಾಗುತ್ತಿತ್ತು. 2013ರ ಸೆಪ್ಟೆಂಬರ್ 23ರ ಮಧ್ಯಂತರ ಆದೇಶದಲ್ಲಿ, ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾರಿಗೂ ತೊಂದರೆಯಾಗಬಾರದೆಂದು ನ್ಯಾಯಾಲಯವು ತಿಳಿಸಿತು. ಆಧಾರ್ ಕಾಯ್ದೆಯು 2016ರಲ್ಲಿ ಜಾರಿಗೆ ಬಂದಿತು.

ಖಾಸಗಿತನ ಎಂಬ ಹಕ್ಕು ಸಂವಿಧಾನದಲ್ಲಿ ಇದೆಯೇ ಎಂಬ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಪರಿಶೀಲಿಸಿ, ಅದು ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ತೀರ್ಪು ನೀಡಿತು. ಆಧಾರ್ ಕಾಯ್ದೆಯನ್ನು ಕುರಿತ ತೀರ್ಪು 2018ರ ಸೆಪ್ಟೆಂಬರ್ 26ರಂದು ಹೊರಬಂದಿತು. ಐವರ ಪೀಠದಲ್ಲಿ ನಾಲ್ವರು ಕಾಯ್ದೆಯನ್ನು ಎತ್ತಿಹಿಡಿದರು, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ಭಿನ್ನ ತೀರ್ಪು ಬರೆದರು. ಕಾಯ್ದೆ ಉಳಿಯಿತಾದರೂ ಅದರ ವ್ಯಾಪ್ತಿ ಕಿರಿದಾಯಿತು. ಶ್ರೀ ಪುಟ್ಟಸ್ವಾಮಿ ಅವರು 2024ರ ಅಕ್ಟೋಬರ್‌ನಲ್ಲಿ ನಿಧನ ಹೊಂದಿದರು. ಮೊಬೈಲ್ ಅಂಗಡಿಯಲ್ಲಿ ಅಥವಾ ಶಾಲೆಯ ದಾಖಲಾತಿಯಲ್ಲಿ ಇಂದು ಆಧಾರ್ ಬದಲು ಬೇರೆ ಗುರುತಿನ ದಾಖಲೆಯನ್ನು ನೀಡಲು ಅವಕಾಶ ಇರುವುದರ ಹಿಂದೆ ಅವರು ಆರಂಭಿಸಿದ ಪ್ರಕರಣವಿದೆ.

ಯಾವ ಸೇವೆಗೆ ಕಡ್ಡಾಯ, ಯಾವುದಕ್ಕೆ ಅಲ್ಲ

ಸರ್ಕಾರದ ಸಂಚಿತ ನಿಧಿಯಿಂದ ವೆಚ್ಚ ಭರಿಸುವ ಸಹಾಯಧನ, ಸೌಲಭ್ಯ ಮತ್ತು ಸೇವೆಗಳಿಗೆ ಕಾಯ್ದೆಯ 7ನೇ ಪ್ರಕರಣದಡಿ ಆಧಾರ್ ಕೇಳಬಹುದು. ಪಡಿತರ, ಸಾಮಾಜಿಕ ಭದ್ರತಾ ಪಿಂಚಣಿ ಇತ್ಯಾದಿ ಈ ಗುಂಪಿಗೆ ಸೇರುತ್ತವೆ. ರಾಜ್ಯದ ಯೋಜನೆಗಳಿಗಾಗಿ ಕರ್ನಾಟಕವು 2018ರಲ್ಲಿ ಪ್ರತ್ಯೇಕ ಆಧಾರ್ ಕಾಯ್ದೆಯನ್ನು ಮಾಡಿದೆ. ಆದಾಯ ತೆರಿಗೆಯ ಪ್ಯಾನ್ ಸಂಖ್ಯೆಯೊಂದಿಗೆ ಜೋಡಣೆಯನ್ನು ನ್ಯಾಯಾಲಯವು ಒಪ್ಪಿದೆ.

ಶಾಲಾ ದಾಖಲಾತಿಗೆ ಆಧಾರ್ ಕಡ್ಡಾಯವಲ್ಲ. ಆಧಾರ್ ಇಲ್ಲವೆಂದು ಮಗುವಿಗೆ ಸೌಲಭ್ಯ ನಿರಾಕರಿಸುವಂತಿಲ್ಲ. ಮೊಬೈಲ್ ಸಿಮ್ ಪಡೆಯಲು ಹಾಗೂ ಸಾಮಾನ್ಯ ಬ್ಯಾಂಕ್ ಖಾತೆ ತೆರೆಯಲು 2019ರ ತಿದ್ದುಪಡಿಯ ಪ್ರಕಾರ ಗ್ರಾಹಕರು ಸ್ವಇಚ್ಛೆಯಿಂದ ಆಧಾರ್ ನೀಡಬಹುದು, ಬೇರೆ ದಾಖಲೆಯನ್ನೂ ನೀಡಬಹುದು. ಸರ್ಕಾರದ ಸಹಾಯಧನ ಜಮೆಯಾಗಬೇಕಾದ ಖಾತೆಗೆ ಮಾತ್ರ ಆಧಾರ್ ಜೋಡಣೆ ಅಗತ್ಯ. ಈ ವ್ಯತ್ಯಾಸ ತಿಳಿಯದೆ ಕುಟುಂಬದ ಎಲ್ಲ ಖಾತೆಗಳಿಗೂ ಜೋಡಣೆ ಮಾಡಿಸಿಕೊಳ್ಳುವುದು ಸಾಮಾನ್ಯವಾಗಿದ್ದು, ಇದರ ಅಗತ್ಯವಿಲ್ಲ. 2025ರ ಜನವರಿಯಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಖಾಸಗಿ ಸಂಸ್ಥೆಗಳೂ ಸಾರ್ವಜನಿಕ ಹಿತದ ಉದ್ದೇಶಕ್ಕಾಗಿ ಸರ್ಕಾರದ ಅನುಮೋದನೆ ಪಡೆದು ಆಧಾರ್ ದೃಢೀಕರಣ ಮಾಡಬಹುದಾಗಿದೆ. ಅಲ್ಲಿಯೂ ಅರ್ಜಿದಾರರ ಸಮ್ಮತಿ ಅವಶ್ಯ. ಯಾವ ವಿವರ ಪಡೆಯಲಾಗುತ್ತಿದೆ, ಯಾವ ಉದ್ದೇಶಕ್ಕೆ, ಬದಲಿ ದಾಖಲೆ ಯಾವುದು ಎಂಬುದನ್ನು ಕೇಳುವ ಸಂಸ್ಥೆಯು ಸ್ಥಳೀಯ ಭಾಷೆಯಲ್ಲಿ, ಅಂದರೆ ಇಲ್ಲಿ ಕನ್ನಡದಲ್ಲಿ, ತಿಳಿಸಬೇಕಾಗುತ್ತದೆ.

ಬೆರಳಚ್ಚಿನ ದುರುಪಯೋಗ

ಆಧಾರ್ ದತ್ತಾಂಶ ಕೇಂದ್ರದಲ್ಲಿರುವ ಬೆರಳಚ್ಚನ್ನು ಯಾವುದೇ ಕಾರಣಕ್ಕೂ ಯಾರೊಂದಿಗೂ ಹಂಚಿಕೊಳ್ಳಬಾರದೆಂದು ಕಾಯ್ದೆಯ 29ನೇ ಪ್ರಕರಣ ಹೇಳುತ್ತದೆ. ರಾಷ್ಟ್ರೀಯ ಭದ್ರತೆಯ ಹಿತದೃಷ್ಟಿಯಿಂದ ನಿಗದಿತ ಮೇಲಧಿಕಾರಿಯ ಆದೇಶವಿದ್ದಲ್ಲಿ ಮಾತ್ರ ಇದಕ್ಕೆ ವಿನಾಯಿತಿ ಇದೆ. ಆದರೆ ನಮ್ಮ ಭಾಗದ ಸಾಮಾನ್ಯ ನಾಗರಿಕರಿಗೆ ಉಂಟಾದ ನಷ್ಟವು ಆ ಕೇಂದ್ರದಿಂದ ಬಂದುದಲ್ಲ, ಕಾಗದದ ಮೇಲಿನ ಹೆಬ್ಬೆಟ್ಟಿನಿಂದ ಬಂದುದು.

2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಗಳಿಂದ ಅವರಿಗೆ ತಿಳಿಯದಂತೆ ಹಣ ತೆಗೆಯಲಾದ ದೂರುಗಳು ದಾಖಲಾದವು. ಅವರಿಗೆ ಯಾರೂ ಕರೆ ಮಾಡಿರಲಿಲ್ಲ, ಒಟಿಪಿ ಕೇಳಿರಲಿಲ್ಲ. ನೋಂದಾಯಿತ ಪತ್ರಗಳ ನಕಲುಗಳಲ್ಲಿ ಪಕ್ಷಕಾರರ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ಸಂಖ್ಯೆ ಎರಡೂ ಒಂದೆಡೆ ಇದ್ದು, ಅಂತಹ ಪ್ರತಿಗಳಿಂದ ಕೃತಕ ಬೆರಳಚ್ಚು ತಯಾರಿಸಿ ಹಣ ಪಡೆದಿರುವುದು ಪೊಲೀಸ್ ತನಿಖೆಯ ಕೇಂದ್ರ ವಿಷಯವಾಗಿತ್ತು. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳುವಂತೆ ಪೊಲೀಸರು ಸಾರ್ವಜನಿಕರಿಗೆ ಸೂಚಿಸಿದರು. ಪತ್ರಗಳ ನಕಲುಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮವನ್ನು ಕೈಗೊಳ್ಳಲಾಯಿತು. ಇಂತಹುದೇ ಪ್ರಕರಣ ತೆಲಂಗಾಣದಲ್ಲಿ 2018ರಲ್ಲಿಯೇ ಬೆಳಕಿಗೆ ಬಂದಿತ್ತು. ಅಲ್ಲಿ ಜಮೀನು ಪತ್ರಗಳ ಬೆರಳಚ್ಚಿನಿಂದ ಸಿಮ್‌ಗಳನ್ನು ಚಾಲನೆಗೊಳಿಸಲಾಗಿತ್ತು.

ಇದು ಹೇಗೆ ಸಾಧ್ಯವೆಂದರೆ, ಎಇಪಿಎಸ್ ಎಂದು ಕರೆಯಲಾಗುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಇದ್ದರೆ ಸಾಕು. ಎಟಿಎಂ ಕಾರ್ಡಾಗಲೀ ರಹಸ್ಯ ಸಂಖ್ಯೆಯಾಗಲೀ ಬೇಡ. ಬ್ಯಾಂಕ್ ಶಾಖೆ ದೂರವಿರುವ ಗ್ರಾಮಗಳಲ್ಲಿ, ಓದುಬರಹ ಬಾರದ ವೃದ್ಧರು ತಮ್ಮ ಪಿಂಚಣಿಯನ್ನು ಊರಿನಲ್ಲಿಯೇ ಪಡೆಯುವಂತಾದುದು ಈ ವ್ಯವಸ್ಥೆಯಿಂದ. ಅದರ ಅನುಕೂಲವನ್ನು ಅಲ್ಲಗಳೆಯಲಾಗದು. ಆದರೆ ಲೆಕ್ಕಪತ್ರದ ದೃಷ್ಟಿಯಿಂದ ನೋಡಿದರೆ ಒಂದು ತೊಡಕಿದೆ. ಚೆಕ್ ಪುಸ್ತಕ ಕಳೆದರೆ ಪಾವತಿಯನ್ನು ತಡೆಹಿಡಿಯಬಹುದು, ಸಹಿಯನ್ನು ಬದಲಾಯಿಸಬಹುದು, ರಹಸ್ಯ ಸಂಖ್ಯೆಯನ್ನು ಹೊಸದಾಗಿ ಪಡೆಯಬಹುದು. ಬೆರಳನ್ನು ಬದಲಾಯಿಸಲು ಬರುವುದಿಲ್ಲ. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವುದು ಸಹಿ ಬಾರದವರ ಪದ್ಧತಿಯಾಗಿತ್ತು, ಈಗ ಅದೇ ಖಜಾನೆಯ ಕೀಲಿಯಾಗಿದೆ. ಕೃತಕ ಬೆರಳನ್ನು ಗುರುತಿಸುವ ಹೊಸ ತಂತ್ರಾಂಶವನ್ನು ಪ್ರಾಧಿಕಾರವು 2023ರ ಫೆಬ್ರವರಿಯಲ್ಲಿ ಅಳವಡಿಸಿದೆ.

ಬಯೋಮೆಟ್ರಿಕ್ ಲಾಕ್ ಸೌಲಭ್ಯವು ಉಚಿತ. ಪ್ರಾಧಿಕಾರದ ಜಾಲತಾಣ ಅಥವಾ ಮೊಬೈಲ್ ಆ್ಯಪ್ ಮೂಲಕ ಇದನ್ನು ಮಾಡಬಹುದಾಗಿದ್ದು, ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಲಾಕ್ ಇರುವಾಗ ಬೆರಳಚ್ಚು ಎಲ್ಲಿಯೂ ಸ್ವೀಕೃತವಾಗುವುದಿಲ್ಲ, ನ್ಯಾಯಬೆಲೆ ಅಂಗಡಿಯಲ್ಲಿಯೂ ಸಹ. ಪಡಿತರ ಪಡೆಯುವ ಮುನ್ನ ತಾತ್ಕಾಲಿಕವಾಗಿ ತೆರೆಯಬೇಕು. ಮನೆಯ ಹಿರಿಯರ ಆಧಾರ್ ಲಾಕ್ ಮಾಡಿಸಿ, ನಗರದಲ್ಲಿ ಕೆಲಸದಲ್ಲಿರುವ ಮಕ್ಕಳ ಮೊಬೈಲ್‌ನಲ್ಲಿ ಮಾತ್ರ ಅದನ್ನು ತೆರೆಯುವಂತೆ ಮಾಡಿದಲ್ಲಿ ಆ ಹಿರಿಯರು ಅಂಗಡಿಯಿಂದ ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ. ಆದುದರಿಂದ ಅವರ ಕೈಯಲ್ಲಿಯೇ ಇರುವ ಮೊಬೈಲ್ ಸಂಖ್ಯೆಯನ್ನು ಜೋಡಿಸುವುದು ಸೂಕ್ತ. ಕಳೆದ ಆರು ತಿಂಗಳಲ್ಲಿ ತಮ್ಮ ಆಧಾರ್ ಎಲ್ಲೆಲ್ಲಿ ದೃಢೀಕರಣಗೊಂಡಿದೆ ಎಂಬ ವಿವರವನ್ನೂ ಇದೇ ಜಾಲತಾಣದಲ್ಲಿ ನೋಡಬಹುದು.

ಜೆರಾಕ್ಸ್ ಪ್ರತಿಗಳು

2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಛೇರಿಯು ಆಧಾರ್ ಜೆರಾಕ್ಸ್ ಪ್ರತಿಯನ್ನು ಯಾವುದೇ ಸಂಸ್ಥೆಗೆ ನೀಡಬಾರದು, ಸಂಖ್ಯೆ ಮರೆಮಾಡಿದ ಪ್ರತಿಯನ್ನು ಬಳಸಬೇಕು ಎಂದು ಪ್ರಕಟಣೆ ನೀಡಿತು. ತಪ್ಪಾಗಿ ಅರ್ಥೈಸುವ ಸಾಧ್ಯತೆ ಇದೆಯೆಂಬ ಕಾರಣಕ್ಕೆ ಎರಡು ದಿನಗಳಲ್ಲಿ ಕೇಂದ್ರ ಸಚಿವಾಲಯವು ಅದನ್ನು ಹಿಂಪಡೆದು, ಸಾಮಾನ್ಯ ಎಚ್ಚರಿಕೆಯಿಂದ ಬಳಸುವಂತೆ ತಿಳಿಸಿತು. ಪ್ರಕಟಣೆ ಹಿಂದಕ್ಕೆ ಹೋದರೂ ಸಂಖ್ಯೆ ಮರೆಮಾಡಿದ ಆಧಾರ್ ಸೌಲಭ್ಯ ಹಾಗೆಯೇ ಇದೆ. ಅದರಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುತ್ತವೆ. ವಸತಿಗೃಹ, ಬಾಡಿಗೆ ಕರಾರು ಮುಂತಾದ ಕಡೆ ಗುರುತು ತೋರಿಸಲು ಇದು ಸಾಕು. 2018ರಿಂದ ಹದಿನಾರು ಅಂಕಿಗಳ ವರ್ಚುವಲ್ ಸಂಖ್ಯೆಯನ್ನು ಪಡೆಯುವ ಅವಕಾಶವೂ ಇದೆ. ಪೂರ್ಣ ಪ್ರತಿ ನೀಡಲೇಬೇಕಾದಲ್ಲಿ ಅದರ ಮೇಲೆ ದಿನಾಂಕ ಮತ್ತು ಉದ್ದೇಶವನ್ನು ಅಡ್ಡಲಾಗಿ ಬರೆದು ಸಹಿ ಮಾಡುವುದು ಹಳೆಯ ರೂಢಿಯಾದರೂ ಒಳ್ಳೆಯದು. ಜೆರಾಕ್ಸ್ ಅಂಗಡಿಯಲ್ಲಿ ಸರಿಯಾಗಿ ಮೂಡದ ಪ್ರತಿಗಳನ್ನು ಅಲ್ಲಿಯೇ ಬಿಟ್ಟು ಬರಬಾರದು.

ಕಛೇರಿಗಳಿಗೂ ನಿರ್ಬಂಧವಿದೆ. ಯಾರ ಆಧಾರ್ ಸಂಖ್ಯೆಯನ್ನೂ ಬಹಿರಂಗವಾಗಿ ಪ್ರಕಟಿಸುವಂತಿಲ್ಲ. 2017ರಲ್ಲಿ ಕೇಂದ್ರ ಮತ್ತು ರಾಜ್ಯಗಳ ಸುಮಾರು 210 ಸರ್ಕಾರಿ ಜಾಲತಾಣಗಳಲ್ಲಿ ಫಲಾನುಭವಿಗಳ ಆಧಾರ್ ಸಂಖ್ಯೆಗಳು ಪ್ರಕಟವಾಗಿದ್ದುದು ಕಂಡುಬಂದು, ಅವುಗಳನ್ನು ತೆಗೆಯಿಸಲಾಯಿತು. ಸೂಚನಾ ಫಲಕದ ಪಟ್ಟಿಯಲ್ಲಿ ತಮ್ಮ ಪೂರ್ಣ ಸಂಖ್ಯೆ ಕಂಡುಬಂದಲ್ಲಿ ತೆಗೆಯುವಂತೆ ಲಿಖಿತವಾಗಿ ಕೋರಬಹುದು.

ಬೆರಳಚ್ಚು ಹೊಂದಾಣಿಕೆಯಾಗದಿದ್ದಲ್ಲಿ

ರಾಮನಗರದ ರೇಷ್ಮೆ ನೂಲು ಬಿಚ್ಚುವವರ ಕೈಗಳು ದಿನವಿಡೀ ಬಿಸಿನೀರಿನಲ್ಲಿರುತ್ತವೆ. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗಳು ತಿರುಗುವ ಮರಕ್ಕೆ ಅರಗನ್ನು ಒತ್ತಿ ಬಣ್ಣ ಏರಿಸುತ್ತಾರೆ. ಕನಕಪುರ, ಮಾಗಡಿ ಕಡೆಯ ಕಲ್ಲು ಕೆಲಸದವರು ಹಾಗೂ ಕೃಷಿ ಕಾರ್ಮಿಕರ ಬೆರಳ ಗೆರೆಗಳು ಸವೆಯುವುದೂ ಸ್ವಾಭಾವಿಕ. ಜಿಲ್ಲೆಯ ಹೆಸರನ್ನು ಹೊರಗೆ ಪರಿಚಯಿಸಿದ ಕಸುಬುಗಳೇ ಯಂತ್ರದ ಮುಂದೆ ಕಸುಬುದಾರರನ್ನು ಅಪರಿಚಿತರನ್ನಾಗಿಸುವುದು ವಿಪರ್ಯಾಸ. ದೃಢೀಕರಣ ವಿಫಲವಾಯಿತೆಂಬ ಒಂದೇ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ನಿರಾಕರಿಸತಕ್ಕದ್ದಲ್ಲ ಎಂಬುದು 2018ರ ತೀರ್ಪಿನ ಆಶಯ. ಆದುದರಿಂದ ಅರ್ಜಿದಾರರು ಬೇರೆ ಬೆರಳು, ಕಣ್ಣುಪಾಪೆ, ಮುಖಚಹರೆ ಅಥವಾ ಒಟಿಪಿ ಮೂಲಕ ಪ್ರಯತ್ನಿಸಲು ಕೋರಬಹುದು. ಅವೂ ಆಗದಿದ್ದಲ್ಲಿ ಮೂಲ ದಾಖಲೆಗಳ ಆಧಾರದ ಮೇಲೆ ಸೇವೆ ನೀಡುವಂತೆ ಆಹಾರ ನಿರೀಕ್ಷಕರಿಗೆ ಅಥವಾ ತಹಶೀಲ್ದಾರರಿಗೆ ಮನವಿ ಸಲ್ಲಿಸುವುದು. ಗೆರೆಗಳು ಸವೆದಿರುವವರು ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ವಿವರಗಳನ್ನು ನವೀಕರಿಸಿಕೊಳ್ಳುವುದು ಒಳಿತು.

ದೂರು ಸಲ್ಲಿಸುವ ವಿಧಾನ

ಖಾತೆಯಿಂದ ಹಣ ಹೋಗಿರುವುದು ಕಂಡುಬಂದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕ್ ಶಾಖೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸೂಚನೆಯು, ಮೂರನೆಯವರ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟದ ಹೊಣೆ ಹೊರಿಸಬಾರದೆಂಬ ನಿಯಮವನ್ನು ತಂದಿತು. ಪಾಸ್ ಪುಸ್ತಕವನ್ನು ವರ್ಷಕ್ಕೊಮ್ಮೆ ಮುದ್ರಿಸಿಕೊಳ್ಳುವವರಿಗೆ ಇಂತಹ ನಿಯಮದಿಂದ ಪ್ರಯೋಜನವಾಗುವುದು ಕಷ್ಟ. ತಿಂಗಳಿಗೊಮ್ಮೆಯಾದರೂ ನಮೂದುಗಳನ್ನು ಪರಿಶೀಲಿಸುವುದು.

ವೈಯಕ್ತಿಕ ದತ್ತಾಂಶ ಸಂರಕ್ಷಣೆಗಾಗಿ ಸಂಸತ್ತು 2023ರ ಆಗಸ್ಟ್‌ನಲ್ಲಿ ಪ್ರತ್ಯೇಕ ಕಾಯ್ದೆಯನ್ನು ಅಂಗೀಕರಿಸಿದ್ದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಅವು ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಆಧಾರ್‌ಗೆ ಸಂಬಂಧಿಸಿದ ಇತರೆ ದೂರುಗಳನ್ನು ಪ್ರಾಧಿಕಾರದ ಉಚಿತ ಸಹಾಯವಾಣಿ 1947ರಲ್ಲಿ ಕನ್ನಡದಲ್ಲಿಯೇ ದಾಖಲಿಸಬಹುದಾಗಿದೆ. ಕರೆ ಮಾಡಿದಾಗ ಆಧಾರ್‌ನ ಒಟಿಪಿಯನ್ನು ಯಾರಿಗೂ ತಿಳಿಸಬಾರದು.